ನಾನು ಕೆರೆದು ಕೆಡಿಸಿದ ಐದು ಸ್ವರಗಳು

ಆ ಸೋಮವಾರ ಬೆಳಿಗ್ಗೆ ಮುಖ ತೊಳೆಯುವಾಗ ಎಡಗಿವಿಗೆ ನೀರು ಹೋಯಿತು ಅಂದುಕೊಂಡೆ. ತಲೆ ಓರೆ ಮಾಡಿ ಒಂಟಿಗಾಲಲ್ಲಿ ಕುಣಿದೆ, ಕಿರುಬೆರಳು ಹಾಕಿ ಅಲುಗಾಡಿಸಿದೆ. ನೀರು ಬರಲಿಲ್ಲ. ಯಾರೋ ಕಿವಿಯೊಳಗೆ ಹತ್ತಿ ತುರುಕಿ, ಅದರ ಹಿಂದೆ ಸಣ್ಣದೊಂದು ಮೋಟಾರು ಚಾಲೂ ಮಾಡಿ ಹೋದ ಹಾಗಿತ್ತು. ಗುಂಯ್ ಅನ್ನುವ ಆ ಸದ್ದು ಇದನ್ನು ಬರೆಯುವಾಗಲೂ ಇದೆ. ಮೊದಲಿನಷ್ಟು ಜೋರಿಲ್ಲ. ಒಂದೇ ಮನೆಯಲ್ಲಿ ಬಾಳುವೆ ಮಾಡಿದವರ ಹಾಗೆ ಈಗ ಅದಕ್ಕೂ ನನಗೂ ರೂಢಿಯಾಗಿದೆ.

ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್. ಇಪ್ಪತ್ತಾರು ವರ್ಷ ಆ ಯಂತ್ರಗಳ ನಡುವೆಯೇ ಕಳೆದಿದ್ದೇನೆ. ಬೇರಿಂಗು ಒಣಗಿದರೆ, ಬೆಲ್ಟು ಸಡಿಲಾದರೆ ಕಣ್ಣಿಗಿಂತ ಮೊದಲು ನನ್ನ ಕಿವಿಗೆ ಗೊತ್ತಾಗುತ್ತಿತ್ತು. ಸೋಮವಾರ, ಗುರುವಾರ ಸಂಜೆ ನಮ್ಮ ಓಣಿಯ ಮಠದಲ್ಲಿ ಭಜನೆ. ಅಲ್ಲಿ ಹಾರ್ಮೋನಿಯಂ ನುಡಿಸುವವನೂ ನಾನೇ, ಮುಂದಾಗಿ ಹೇಳುವವನೂ ನಾನೇ. ತಬಲಾಕ್ಕೆ ಮೌಲಾಸಾಬ್. ಅವನು ಟೈಲರ್, ನನ್ನ ಜೊತೆ ಮೂರನೇ ಇಯತ್ತೆಯಿಂದ ಇದ್ದವನು.

ಗಿರಣಿಯವರಿಗೆ ಕಿವಿ ಕಟ್ಟುವುದು ಹೊಸದಲ್ಲ. ಹೊಟ್ಟಿನ ದೂಳು ಹೋಗಿರಬೇಕು ಅಂದೆ. ನನ್ನ ಹೆಂಡತಿ ಗಿರಿಜಾ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಹೂಬೆಚ್ಚಗೆ ಮಾಡಿ ನಾಲ್ಕು ಹನಿ ಬಿಟ್ಟಳು. ಅವಳ ತವರಿನಲ್ಲಿ ಎಲ್ಲರ ಕಿವಿಗೂ ಅದೇ ಮದ್ದು. ಹಾಯಾಯಿತು. ಹಾಯಾದದ್ದೇ ತಪ್ಪಾಯಿತೇನೋ, ವಾಸಿಯಾಗುತ್ತಿದೆ ಅಂದುಕೊಂಡೆ.

ಅದೇ ದಿನ ಸಂಜೆ ಮಠದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕುಳಿತು, ಗಾಳಿ ತುಂಬಲು ಬಾತೆ ಹಾಕಿದೆ. ಒಂದು ಮನೆ ಒತ್ತಿದರೆ ಎರಡು ಸ್ವರ ಬಂದವು. ಬಲಗಡೆ ಒಂದು, ಎಡಗಡೆ ಅದಕ್ಕಿಂತ ಒಂದಿಷ್ಟು ಏರಿದ್ದು. ಎರಡೂ ಒಂದನ್ನೊಂದು ಗೀರುವ ಹಾಗೆ. ನಮ್ಮ ಹಾರ್ಮೋನಿಯಮ್ಮಿನಲ್ಲಿ ಒಂದೊಂದು ಮನೆಗೆ ಎರಡೆರಡು ರೀಡುಗಳಿವೆ. ರೀಡೆಂದರೆ ಗಾಳಿ ಬಡಿದಾಗ ನಡುಗುವ ಹಿತ್ತಾಳೆಯ ಸಣ್ಣ ನಾಲಿಗೆ. ಹಳೆಯದಾದಂತೆ ಜೋಡಿ ರೀಡುಗಳು ಒಂದಕ್ಕೊಂದು ಹೊಂದದೆ ಹೋಗುವುದುಂಟು. ಹೀಗಾಗಿ ಪೆಟ್ಟಿಗೆ ಕೆಟ್ಟಿದೆ ಅಂತ ನನಗೆ ಒಂದಿಷ್ಟೂ ಅನುಮಾನವಿಲ್ಲದೆ ತೋರಿತು. ಅವತ್ತು ಹೇಗೋ ಹಾಡಿ ಮುಗಿಸಿದೆ.

ಗುರುವಾರ ಮಧ್ಯಾಹ್ನ ಮಠಕ್ಕೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ಫೋನಿನಲ್ಲಿ ತಂಬೂರಿಯ ಸದ್ದು ಹಚ್ಚಿ ಬಲಗಿವಿಯ ಹತ್ತಿರ ಇಟ್ಟುಕೊಂಡೆ. ಎಡಗಿವಿಯನ್ನು ಪೆಟ್ಟಿಗೆಯ ಮೇಲೆಯೇ ಬಾಗಿಸಿ, ಒಂದೊಂದೇ ರೀಡನ್ನು ಆ ತಂಬೂರಿಗೆ ಹೊಂದಿಸುತ್ತ ಹೋದೆ. ರೀಡಿನ ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ಮೇಲಿನ ಐದು ಸ್ವರಗಳು ನನಗೆ ಏರಿದಂತೆ ಕೇಳುತ್ತಿದ್ದವು. ಐದನ್ನೂ ಬುಡದಲ್ಲಿ ಕೆರೆದು ಇಳಿಸಿದೆ. ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಸವೆದ ಕೈ, ತುಂಬ ಜಾಗರೂಕತೆಯಿಂದ, ಎರಡು ತಾಸು ಕೂತು ಮಾಡಿದ ಕೆಲಸ. ಮುಗಿಸಿ ಎದ್ದಾಗ ಸಮಾಧಾನವಾಗಿತ್ತು.

ಸಂಜೆ ಹಾಡು ಮೇಲಕ್ಕೆ ಏರುತ್ತಿದ್ದಂತೆ ಜನರ ಮುಖ ನೋಡಿದೆ. ಉಣ್ಣುವಾಗ ಹರಳು ಸಿಕ್ಕಿದವರ ಹಾಗಿದ್ದರು. ತಾಳ ಹಿಡಿದವರು ನಿಧಾನವಾಗಿ ನಿಲ್ಲಿಸಿದರು. ಮೌಲಾ ಒಬ್ಬನೇ ಬಿಡದೆ ನುಡಿಸಿದ. ನನ್ನನ್ನು ನಡುವೆ ಕೈಬಿಡಬಾರದು ಅಂತ ನುಡಿಸಿದನೆಂದು ಆಮೇಲೆ ಹೇಳಿದ. ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕಾದು, ನನ್ನ ಬಲಗಡೆಗೆ ಬಂದು ಕುಳಿತ.

"ಸೋಮವಾರ ಪೆಟಗಿ ಚಲೋ ಇತ್ತು ವೀರೇಶ. ಇವತ್ತ ನೀನ ಕೆಡಿಸೀದಿ. ಪೆಟಗಿ ಬಿಡು, ನಿನ್ನ ಕಿವಿ ತೋರಸು."

ನನಗೆ ಸಿಟ್ಟು ಬಂತು. ಅವನ ಜೊತೆ ನಾಲ್ಕು ದಿನ ಮಾತು ಬಿಟ್ಟೆ. ಆ ನಾಲ್ಕು ದಿನಗಳ ಬಗ್ಗೆ ಈಗಲೂ ಯೋಚಿಸುತ್ತೇನೆ. ಗಿರಣಿಯಲ್ಲಿ ಯಾರೋ ಕರೆದರೆ ಯಾವ ದಿಕ್ಕಿನಿಂದ ಎಂದು ತಿಳಿಯದೆ ಸುತ್ತ ತಿರುಗುತ್ತಿದ್ದೆ. ಗಂಗಾವತಿಯಲ್ಲಿರುವ ಮಗಳು ಫೋನು ಮಾಡಿದಾಗ ರೂಢಿಯಂತೆ ಎಡಗಿವಿಗೆ ಹಿಡಿದೆ. ಅವಳದಲ್ಲದ ಒಂದು ಸಣ್ಣ, ತಗಡಿನ ದನಿ ಅಪ್ಪಾ ಅಂದಿತು. ರಾಂಗ್ ನಂಬರು ಅಂತ ಇಟ್ಟುಬಿಟ್ಟೆ. ಅವಳು ಅಳುತ್ತ ತಾಯಿಗೆ ಮಾಡಿದಳು. ಗಿರಿಜಾ ಆವತ್ತು ನನ್ನನ್ನು ಕೇಳಲಿಲ್ಲ, ಸೀದಾ ಮೌಲಾನ ಅಂಗಡಿಗೆ ಹೋದಳು. ಮಂಗಳವಾರ ಬೆಳಿಗ್ಗೆ ಇಬ್ಬರೂ ಸೇರಿ ನನ್ನನ್ನು ಹೊಸಪೇಟೆ ಬಸ್ಸಿಗೆ ಹತ್ತಿಸಿದರು. ಬುಕ್ಕಸಾಗರ, ಕಮಲಾಪುರ ದಾಟುವ ತನಕ ಮೂವರೂ ಬಾಳೆತೋಟ ನೋಡುತ್ತ ಕುಳಿತಿದ್ದೆವು.

ಹೊಸಪೇಟೆಯ ಕಿವಿ ಡಾಕ್ಟರರು ವಯಸ್ಸಾದವರು, ಕಡಿಮೆ ಮಾತಿನವರು. ಕಿವಿಯೊಳಗೆ ದೀಪ ಹಾಕಿ ನೋಡಿದರು. ಕವೆಯಂಥ ಉಕ್ಕಿನ ಕಡ್ಡಿಯೊಂದನ್ನು ತಟ್ಟಿ ನನ್ನ ಹಣೆಯ ನಡುವೆ ಇಟ್ಟು, ಸದ್ದು ಎಲ್ಲಿ ಕೇಳುತ್ತದೆ ಅಂದರು. ಬಲಗಡೆ ಅಂದೆ. ಇನ್ನೊಮ್ಮೆ ಇಟ್ಟರು. ಬಲಗಡೆಯೇ.

"ಎಷ್ಟ ದಿನ ಆತ್ರಿ?"

"ಇವತ್ತಿಗೆ ಒಂಬತ್ತು."

ಬರೆಯುತ್ತಿದ್ದ ಅವರ ಪೆನ್ನು ನಿಂತಿತು. ಬಯ್ಯಲಿಲ್ಲ. ದೂಳಲ್ಲ, ಗುಗ್ಗೆಯಲ್ಲ, ಒಳಗಿನ ನರಕ್ಕೆ ಏಕಾಏಕಿ ಪೆಟ್ಟು ಬಿದ್ದಿದೆ ಅಂದರು. ಯಾಕೆ ಅಂತ ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲವಂತೆ. ಮೊದಲ ಎರಡು ಮೂರು ದಿನದಲ್ಲೇ ಬಂದಿದ್ದರೆ ಒಳ್ಳೆಯದಿತ್ತು, ಆದರೂ ಈಗಲೇ ಶುರು ಮಾಡೋಣ ಅಂತ ಸ್ಟಿರಾಯ್ಡ್ ಮಾತ್ರೆ ಬರೆದರು. ಗಿರಿಜಾ ನನ್ನ ಪಕ್ಕದಲ್ಲೇ ಇದ್ದಳು. ಅವಳು ಡಾಕ್ಟರರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದಳು.

ಇದನ್ನು ಓದುತ್ತಿರುವ ಯಾರಿಗಾದರೂ ಒಂದು ಬೆಳಿಗ್ಗೆ ಹೀಗೆ ಒಂದು ಕಿವಿ ಮುಚ್ಚಿಕೊಂಡರೆ ಎಣ್ಣೆ ಕಾಯಿಸಬೇಡಿ, ಅವತ್ತೇ ಡಾಕ್ಟರರ ಹತ್ತಿರ ಹೋಗಿ. ಏನೂ ಇಲ್ಲವಾದರೆ ನಗುತ್ತ ಮನೆಗೆ ಬರುತ್ತೀರಿ, ಅಷ್ಟೇ. ನಾನು ಹೇಳಬಲ್ಲ ವೈದ್ಯದ ಮಾತು ಇಷ್ಟೇ.

ಆ ಮಾತ್ರೆಗಳು ನನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡಿದವು. ಹಸಿವು, ನಿದ್ದೆಗೇಡು, ಎಲ್ಲದಕ್ಕೂ ಸಿಟ್ಟು. ತಟ್ಟೆ ಕೆಳಗಿಟ್ಟ ಸದ್ದಿಗೆ ಗಿರಿಜಾಳ ಮೇಲೆ ಕೂಗಿದೆ. ಮೆದುಳಲ್ಲಿ ಗಡ್ಡೆ ಇದೆಯೋ ನೋಡಲು ಎಂ.ಆರ್.ಐ. ಮಾಡಿಸಿ ಅಂದರು. ಆ ಕೊಳವೆಯೊಳಗೆ ಮಲಗಿದಾಗ ನನಗೆ ಹೆದರಿಕೆಯಾಗಲಿಲ್ಲ, ಅದರ ಗದ್ದಲ ಗಿರಣಿಯದ್ದೇ. ಹೆದರಿಕೆಯಾದದ್ದು ವರದಿಗೆ ಕಾದ ಎರಡು ದಿನ. ಗಡ್ಡೆ ಇರಲಿಲ್ಲ. ವರದಿ ಓದಿ ಹೇಳಿದ ಹುಡುಗಿ ನಾನು ಕೇಳಿಸಿಕೊಂಡೆನೋ ಇಲ್ಲವೋ ಅಂತ ಅದೇ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದಳು. ನಾನು ಕೇಳಿಸಿಕೊಂಡಿದ್ದೆ. ಆದರೂ ಎರಡನೇ ಸಲ ಕೇಳಲು ಹಿತವಾಗಿತ್ತು.

ಮಾತ್ರೆಗಳಿಂದ ಹೆಚ್ಚೇನೂ ಆಗದೆ ಕಿವಿಯ ಪರದೆಯೊಳಗೇ ಸೂಜಿ ಚುಚ್ಚುವುದು ಶುರುವಾಯಿತು. ವಾರಕ್ಕೊಂದರಂತೆ ನಾಲ್ಕು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲುಗಾಡದೆ, ಮಾತಾಡದೆ, ಉಗುಳು ನುಂಗದೆ ಮಗ್ಗುಲಾಗಿ ಮಲಗಿರಬೇಕು. ಎರಡನೇ ವಾರ ಹೊರಗಿನ ಬೆಂಚಿನಲ್ಲಿ ಸಂಡೂರಿನ ತಿಪ್ಪಣ್ಣ ಸಿಕ್ಕರು. ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದವರು. ಎರಡೂ ಕಿವಿಗೆ ಯಂತ್ರ ಹಾಕಿದ್ದರು. ನಾನು ಮಾತಿಗೆ ಸಿಗದೆ ತಲೆ ತಗ್ಗಿಸಿ ಕುಳಿತಿದ್ದನ್ನು ಕಂಡು ಎದ್ದು ಬಂದು ಬಲಗಡೆ ಕುಳಿತರು. ಅವರ ಕಿವಿ ಒಂದೇ ದಿನ ಹೋದದ್ದಲ್ಲ, ವರ್ಷವರ್ಷ ಕರಗಿದ್ದು. ಮೊದಲು ಹಕ್ಕಿ ಹೋದವು, ಆಮೇಲೆ ಮೊಮ್ಮಕ್ಕಳ ಮಾತು ಹೋಯಿತು ಅಂದರು.

"ಕೇಳಿಸಲಿಲ್ಲ ಅಂದ್ರ ನಕ್ಕೋತ ತಲಿ ಆಡಸಬ್ಯಾಡ್ರಿ. ನಾ ಹತ್ತ ವರ್ಷ ಹಂಗ ಮಾಡೀನಿ. ಮನಿ ಮಂದಿ ನನ್ನ ಕೂಡ ಮಾತಾಡೋದ ಬಿಟ್ರು."

ಅವರ ಹೆಸರನ್ನು ಒಳಗಿನಿಂದ ಕೂಗಿದರು. ಅವರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಎಬ್ಬಿಸಿ ಕಳಿಸಿದೆ.

ನಾಲ್ಕು ಚುಚ್ಚುಮದ್ದು ಮುಗಿದವು. ಎಡಗಿವಿಗೆ ಹೊರಗಿನ ಸದ್ದು ಸ್ವಲ್ಪ ಜೋರಾಗಿ ಕೇಳತೊಡಗಿತು. ಆದರೆ ಸ್ವರ ಎರಡಾಗಿ ಕೇಳುವುದು ನಿಲ್ಲಲಿಲ್ಲ. ಗಿರಿಜಾ ಮಾತಾಡಿದರೆ ಅವಳ ಹಿಂದೆ ಇನ್ನೊಬ್ಬಳು ಅದನ್ನೇ ಕೊಂಚ ಎತ್ತರದಲ್ಲಿ ಹೇಳಿದ ಹಾಗೆ. ಹೇಳಲು ಹೋದರೆ ಜನ ನನ್ನ ಮುಖವನ್ನು ಒಂದು ಥರಾ ನೋಡುತ್ತಿದ್ದರು. ಗಿರಣಿಯಲ್ಲಿ ಒಬ್ಬರು ಮಂತ್ರಿಸಿದ ದಾರ ತಂದುಕೊಟ್ಟರು. ಮಠದ ಕಡೆ ನಾನು ಹೋಗಲಿಲ್ಲ. ಕೆಡಿಸಿದ ಪೆಟ್ಟಿಗೆಗೆ ಬಟ್ಟೆ ಮುಚ್ಚಿಟ್ಟಿದ್ದಾರೆ ಅಂತ ಮೌಲಾ ಹೇಳಿದ. ಭಜನೆ ಬರೀ ತಾಳದ ಮೇಲೆ ನಡೆಯುತ್ತಿತ್ತು.

ಡಾಕ್ಟರರಿಗೆ ಈ ಎರಡು ಸ್ವರದ ಮಾತು ಹೇಳಿದಾಗ ಅವರು ನಗಲಿಲ್ಲ. ತಿಂಗಳಿಗೊಮ್ಮೆ ಇಲ್ಲಿಗೆ ಒಬ್ಬ ವಿಜ್ಞಾನಿ ಬರುತ್ತಾರೆ, ನೀವು ಅವರ ಕೂಡ ಮಾತಾಡಿ ಅಂದರು. ಹೀಗೆ ಶೈಲಜಾ ಮೇಡಂ ಪರಿಚಯವಾದರು. ಅವರು ಮದ್ದು ಕೊಡುವ ಡಾಕ್ಟರಲ್ಲ. ಕಿವಿಗೆ ಬಿದ್ದ ಸದ್ದನ್ನು ಮೆದುಳು ಹೇಗೆ ಏರು, ಇಳಿ ಅಂತ ಗುರುತಿಸುತ್ತದೆ, ಕಿವಿ ಕೆಟ್ಟವರಲ್ಲಿ ಆ ಗುರುತು ಹೇಗೆ ತಪ್ಪುತ್ತದೆ ಎಂಬುದೇ ಅವರ ಸಂಶೋಧನೆ. ಸಂಡೂರಿನ ಕಡೆಯವರೇ. ಮೊದಲು ಪುಸ್ತಕದ ಕನ್ನಡದಲ್ಲಿ ಶುರು ಮಾಡಿ, ಆಮೇಲೆ ನಮ್ಮ ಮಾತಿಗೆ ಇಳಿದರು. ಅವರ ಪರೀಕ್ಷೆಗೆ ಒಪ್ಪಿದ್ದೇನೆಂದು ನನ್ನದೊಂದು ಸಹಿ ಬೇಕಿತ್ತು.

"ಇದರಿಂದ ನಿಮಗ ಲಾಭ ಆಗ್ತೈತಿ ಅಂತ ನಾ ಹೇಳಂಗಿಲ್ರಿ. ನಿಮ್ಮ ಹಿಂದ ಬರೋರಿಗೆ ಆಗಬಹುದು. ಆಗದನೂ ಇರಬಹುದು."

ನಾಲ್ಕು ತಿಂಗಳಿಂದ ನನಗೆ ಎಲ್ಲರೂ ಆರಾಮಾಗುತ್ತದೆ ಅಂತ ಹೇಳಿದ್ದರು. ಗೊತ್ತಿಲ್ಲ ಎಂದವರು ಇವರೊಬ್ಬರೇ. ಸಹಿ ಹಾಕಿದೆ.

ಸದ್ದು ನುಗ್ಗದ ಒಂದು ಪುಟ್ಟ ಕೋಣೆ. ತಲೆಗೆ ಹೆಡ್‌ಫೋನು, ಕೈಯಲ್ಲೊಂದು ತಿರುಪು. ಬಲಗಿವಿಗೆ ಒಂದು ಸ್ವರ ಬರುತ್ತದೆ, ಅದು ನಿಂತ ಮೇಲೆ ಎಡಗಿವಿಗೆ ಇನ್ನೊಂದು. ಎರಡೂ ಒಂದೇ ಅನ್ನಿಸುವ ತನಕ ತಿರುಪು ತಿರುವಬೇಕು. ಜನಕ್ಕೆ ಬೇಸರವಾಗುವ ಪರೀಕ್ಷೆಯಂತೆ. ನನಗಾಗಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಕೈಗೆ ಗೊತ್ತಿದ್ದ ಕೆಲಸವೊಂದು ಸಿಕ್ಕಿತ್ತು. ಹೊರಗೆ ಬಂದಾಗ ಮೇಡಂ ಪರದೆಯ ಮೇಲಿನ ಚುಕ್ಕೆಗಳನ್ನೇ ನೋಡುತ್ತಿದ್ದರು. ಒಂದೇ ಸ್ವರವನ್ನು ಹತ್ತು ಸಲ ಕೊಟ್ಟರೂ ನಾನು ತಿರುಪನ್ನು ಹತ್ತಿರ ಹತ್ತಿರ ಅದೇ ಜಾಗದಲ್ಲಿ ನಿಲ್ಲಿಸಿದ್ದೆನಂತೆ. ಎಡಗಿವಿ ತಪ್ಪು ಹೇಳುತ್ತಿತ್ತು, ಆದರೆ ಪ್ರತಿ ಸಲವೂ ಅದೇ ತಪ್ಪು.

"ನಿಮಗ ಹುಚ್ಚು ಹಿಡದಿಲ್ರಿ," ಅಂದರು. ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ. ಕೇಳಬೇಕೆಂದಿದ್ದದ್ದು ಅವರಿಗೆ ಹೇಗೋ ತಿಳಿದಿತ್ತು.

ನೀವು ಹಾಡುತ್ತೀರಾ ಎಂದು ಕೇಳಿದೆ. ತಾನು ಹಾಡಿದರೆ ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ ಅಂತ ನಕ್ಕರು. ಆ ನಗುವಿನ ಧೈರ್ಯದ ಮೇಲೆ, ಯಾರಿಗೂ ಹೇಳಲು ನಾಚುತ್ತಿದ್ದದ್ದನ್ನು ಹೇಳಿಬಿಟ್ಟೆ. ಮಠದ ಪೆಟ್ಟಿಗೆ ಬಿಚ್ಚಿ ಐದು ಸ್ವರ ಕೆರೆದು ಹಾಳು ಮಾಡಿದ್ದು, ಮೌಲಾನ ಜೊತೆ ಮಾತು ಬಿಟ್ಟದ್ದು, ಎಲ್ಲ. ಅವರು ನಗು ನಿಲ್ಲಿಸಿದರು. ಯಾವ ದಿನ, ಯಾವ ಕಿವಿಯನ್ನು ಪೆಟ್ಟಿಗೆಗೆ ಬಾಗಿಸಿದ್ದಿರಿ, ಫೋನು ಯಾವ ಕಡೆ ಇತ್ತು ಅಂತ ಮೂರು ಮೂರು ಸಲ ಕೇಳಿದರು. ಆ ಪೆಟ್ಟಿಗೆಯನ್ನು ಯಾರಾದರೂ ರಿಪೇರಿ ಮಾಡಿದ್ದಾರೆಯೇ ಅಂದರು. ಇಲ್ಲ ಅಂದೆ.

"ಹಂಗಾರ ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ. ಮುಂದಿನ ತಿಂಗಳ ತರ್ರಿ."

ಮುಂದಿನ ತಿಂಗಳು ಹಾರ್ಮೋನಿಯಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಗಿರಿಜಾಳೂ ಬಂದಿದ್ದಳು. ಅವಳು ಈಗ ಎಲ್ಲಿಗೆ ಹೊರಟರೂ ನನ್ನ ಬಲಗಡೆಯೇ ನಡೆಯುತ್ತಿದ್ದಳು, ಹಾಗಂತ ಹೇಳಿಕೊಳ್ಳದೆ. ಮೇಡಂ ಪೆಟ್ಟಿಗೆಯ ಮುಂದೆ ಮೈಕು ಇಟ್ಟರು. ನಾನು ಬಾತೆ ಹಾಕುತ್ತ ಒಂದೊಂದೇ ಸ್ವರ ಒತ್ತಿದೆ. ಅವರ ಲ್ಯಾಪ್‌ಟಾಪು ಪ್ರತಿಯೊಂದರ ಏರಿಳಿತವನ್ನು ಬರೆದುಕೊಂಡಿತು. ನಾನು ಮುಟ್ಟದ ಸ್ವರಗಳು ತಮ್ಮ ಜಾಗದಲ್ಲಿದ್ದವು. ಕೆರೆದ ಐದು, ಒಂದಕ್ಕಿಂತ ಒಂದು ಹೆಚ್ಚು ಇಳಿದಿದ್ದವು. ಆಮೇಲೆ ನನ್ನನ್ನು ಮತ್ತೆ ಆ ಕೋಣೆಯಲ್ಲಿ ಕೂರಿಸಿ ಅದೇ ಐದು ಸ್ವರಗಳಿಗೆ ತಿರುಪು ತಿರುವಿಸಿದರು.

ಮುಗಿದ ಮೇಲೆ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಮೇಲಿನದು ಪೆಟ್ಟಿಗೆಯ ಗೆರೆ, ಕೆಳಗಿನದು ಇವತ್ತಿನ ನನ್ನ ಕಿವಿಯದು. ಆ ಗುರುವಾರ ಎಡಗಿವಿಗೆ ಎಷ್ಟು ಏರಿದಂತೆ ಕೇಳಿತ್ತೋ ಅಷ್ಟನ್ನೇ ನಾನು ರೀಡಿನಲ್ಲಿ ಕೆರೆದು ಇಳಿಸಿದ್ದೆ.

"ಕಿವಿ ಹೋದ ನಾಕನೇ ದಿನ ಯಾರೂ ನನ್ನ ಹತ್ರ ಬರಂಗಿಲ್ರಿ. ತಿಂಗಳ ಆದಮ್ಯಾಗ ಬರ್ತಾರ. ಮೊದಲ ಹೆಂಗ ಕೇಳ್ತಿತ್ತು ಅಂದ್ರ ಯಾರಿಗೂ ನೆನಪಿರಂಗಿಲ್ಲ. ನೀವು ಹಿತ್ತಾಳಿ ಮ್ಯಾಲ ಬರದಿಟ್ಟೀರಿ."

ಎರಡು ಗೆರೆಗಳ ನಡುವೆ ಜಾಗವಿತ್ತು. ನಾಲ್ಕನೇ ದಿನ ನನ್ನ ಎಡಗಿವಿ ಎಷ್ಟು ಏರಿಸಿ ಹೇಳುತ್ತಿತ್ತೋ ಈಗ ಸುಮಾರು ಅದರ ಅರ್ಧದಷ್ಟು. ಏನೂ ವಾಸಿಯಾಗಿಲ್ಲ ಅಂತ ಐದು ತಿಂಗಳು ನಾನು ಎಲ್ಲರಿಗೂ, ನನಗೂ ಹೇಳಿಕೊಂಡಿದ್ದೆ. ವಾಸಿಯಾಗುತ್ತ ಬಂದಿತ್ತು, ಅಳೆಯುವುದಕ್ಕೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ. ಉಳಿದ ಅರ್ಧ ಬರುತ್ತದೆಯೇ ಅಂದೆ. ಗೊತ್ತಿಲ್ಲ ಅಂದರು. ಚುಚ್ಚುಮದ್ದಿನಿಂದ ಆದದ್ದೋ ತಾನಾಗಿ ಆದದ್ದೋ ಎಂದರೆ ಅದೂ ಗೊತ್ತಿಲ್ಲ ಅಂದರು. ಆ ಉತ್ತರದಿಂದ ನನಗೆ ಈ ಸಲ ಬೇಸರವಾಗಲಿಲ್ಲ.

ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ ಗಿರಿಜಾ ಬಾಯಿ ಬಿಟ್ಟಳು.

"ಮೇಡಂರಿ, ನಾ ಕಿವ್ಯಾಗ ಎಣ್ಣಿ ಹಾಕಿದ್ನಿ. ಬಿಸಿ ಎಣ್ಣಿ. ಅದರಿಂದ ಹಿಂಗಾತೇನ್ರಿ?"

ಮೇಡಂ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕುಳಿತರು. "ಎಣ್ಣಿ ಹಾಕೋದು ಬ್ಯಾಡ, ಅದು ಖರೇ. ಆದ್ರ ಆ ಎಣ್ಣಿ ಪರದಿ ದಾಟಂಗಿಲ್ಲಕ್ಕ. ಇವರದು ಕೆಟ್ಟಿದ್ದು ಅದರಾಚಿ, ನೀವು ಹಾಕೂಕಿಂತ ಮೊದಲ."

ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಐದು ತಿಂಗಳು ಅವಳು ನನ್ನ ಸಿಟ್ಟನ್ನೆಲ್ಲ ಯಾಕೆ ಎದುರಾಡದೆ ನುಂಗಿದ್ದಳು ಎಂದು ನನಗೆ ಆಗ ತಿಳಿಯಿತು. ನನ್ನ ಕಿವಿಯದೇ ಚಿಂತೆಯಲ್ಲಿ ಅವಳ ಮೌನ ನನಗೆ ಕೇಳಿಸಿರಲಿಲ್ಲ. ತಡವಾದದ್ದು ನನ್ನ ಹಟದಿಂದ, ಮೌಲಾ ಹೇಳಿದ ದಿನವೇ ನಾನು ಬರಬೇಕಿತ್ತು ಅಂತ ಬಸ್ ನಿಲ್ದಾಣದಲ್ಲಿ ಅವಳಿಗೆ ಹೇಳಿದೆ. "ಈಗ ಯಾಕ ಅದು," ಅಂದಳು. ಮಿರ್ಚಿ ಕೊಡಿಸಿದೆ. ಇಬ್ಬರೂ ನಿಂತುಕೊಂಡೇ ತಿಂದೆವು.

ಪೆಟ್ಟಿಗೆಯನ್ನು ಸರಿಮಾಡಿದ್ದು ಮೌಲಾನ ಅಂಗಡಿಯಲ್ಲಿ. ಅವನು ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ ಕಿವಿ ಕೊಟ್ಟು ಕುಳಿತ, ನಾನು ರೀಡುಗಳ ತುದಿ ಕೆರೆದೆ. ಸಾಕು ಅಂದಾಗ ನಿಲ್ಲಿಸುವುದು, ಇನ್ನೊಂದಿಷ್ಟು ಅಂದಾಗ ಮುಂದುವರಿಸುವುದು. ನನಗೆ ತಪ್ಪೆಂದು ಕೇಳುವ ಜಾಗದಲ್ಲಿ ಅವನು ಸರಿ ಅಂದರೆ ಕೈ ತಡೆಯಬೇಕಿತ್ತು. ಅದು ಕಷ್ಟದ ಕೆಲಸ. ಐದನೆಯ ರೀಡು ಮುಗಿಯುವ ಹೊತ್ತಿಗೆ ಕಷ್ಟ ಸ್ವಲ್ಪ ಕಡಿಮೆಯಾಗಿತ್ತು.

ಮತ್ತೆ ಹಾಡುವುದೋ ಬೇಡವೋ ಎಂಬುದು ಉಳಿದಿತ್ತು. ಮೇಡಂ ಕೊಟ್ಟ ಕಾಗದದಲ್ಲಿ ಇನ್ನೊಂದು ಸಂಗತಿ ಇತ್ತು. ಕೆಳಗಿನ ಸ್ವರಗಳಲ್ಲಿ ನನ್ನ ಎರಡೂ ಕಿವಿಗಳಿಗೆ ಜಗಳವಿರಲಿಲ್ಲ. ಮೇಲೆ ಹೋದಂತೆ ಬೇರೆಯಾಗುತ್ತಿದ್ದವು. ನಾನು ಯಾವಾಗಲೂ ಬಿಳಿ ನಾಲ್ಕರಲ್ಲಿ, ಅಂದರೆ ಪೆಟ್ಟಿಗೆಯ ನಾಲ್ಕನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತಿದ್ದವನು. ಗಂಡಸರ ಕಂಠಕ್ಕೆ ಅದು ಎತ್ತರದ ಶ್ರುತಿ. ಮೇಲಿನ ಸ್ವರ ಹಿಡಿದು ನಿಂತರೆ ಜನ ತಲೆದೂಗುತ್ತಿದ್ದರು, ನನಗದು ಬೇಕಿತ್ತು. ಈಗ ಬಿಳಿ ಒಂದಕ್ಕೆ ಇಳಿಸೋಣವೇ ಅಂತ ಮೌಲಾನನ್ನು ಕೇಳಿದೆ. ಅವನು ಅದಕ್ಕೆಂದು ಬೇರೆ ತಬಲಾ ಹುಡುಕಿ ತಂದ.

ಆ ಗುರುವಾರ ಹೆದರುತ್ತಲೇ ಕುಳಿತೆ. ದನಿ ಎತ್ತದೆ, ಮಾತಾಡುವ ಎತ್ತರದಲ್ಲಿ ಶುರು ಮಾಡಿದೆ. ಮೊದಲ ಸಾಲು ಮುಗಿದು ಎರಡನೆಯದಕ್ಕೆ ಬರುವಾಗ ಹಿಂದಿನಿಂದ ದನಿಗಳು ಕೂಡಿಕೊಂಡವು. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದ ಹಿರಿಯರು, ಬಾಗಿಲ ಹತ್ತಿರದ ಹಮಾಲರು, ನಾನು ಎಂದೂ ಹಾಡು ಕೇಳದ ಬಾಯಿಗಳು. ಅಷ್ಟು ದನಿಗಳ ನಡುವೆ ಯಾವುದು ನನ್ನ ಬಲಗಿವಿಯದು, ಯಾವುದು ಎಡದ್ದು ಅಂತ ನನಗೆ ತಿಳಿಯಲಿಲ್ಲ. ನಡುವೆ ಒಂದೆರಡು ಕಡೆ ತಪ್ಪಿದೆ ಅಂತ ಮೌಲಾ ಆಮೇಲೆ ಹೇಳಿದ. ಇರಬಹುದು.

ಮುಗಿದ ಮೇಲೆ ನಮ್ಮ ಓಣಿಯ ಹಿರಿಯರಾದ ಬಸಣ್ಣಜ್ಜ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕುಳಿತು ಏನೋ ಅಂದರು. ಅವರು ಎಡಗಡೆ ಕುಳಿತಿದ್ದರು. ನಕ್ಕು ತಲೆಯಾಡಿಸಬೇಕೆಂದಿದ್ದವನು ತಡೆದು, ಕೇಳಿಸಲಿಲ್ಲ ಅಜ್ಜ ಅಂದೆ. ಅವರು ಎದ್ದು, ಪೆಟ್ಟಿಗೆಯನ್ನು ಬಳಸಿಕೊಂಡು ಬಲಗಡೆಗೆ ಬಂದು ಮತ್ತೆ ಕುಳಿತರು.

"ಇಷ್ಟ ವರ್ಷ ನೀ ಹಾಡತಿದ್ದಿ, ನಾವು ಕೇಳತಿದ್ವಿ," ಅಂದರು. "ಇವತ್ತ ನಾವೂ ಹಾಡಿದ್ವಿ ನೋಡಪ."